ಪಿಂಗ್ಯಾವೊ ಕೋಟೆಯನ್ನು ಕಾಪಾಡಿದ್ದು ದಿವಾಳಿತನ

ಚೀನಾದ ಶಾನ್ಶಿ ಪ್ರಾಂತ್ಯದ ಪಿಂಗ್ಯಾವೊ ಊರಿನ ಬಗ್ಗೆ ಯಾವ ಪ್ರವಾಸಿ ಜಾಹೀರಾತು ನೋಡಿದರೂ '2,700 ವರ್ಷಗಳ ಕೋಟೆ' ಎಂಬ ಬಾಲಂಗೋಚಿ ಇದ್ದೇ ಇರುತ್ತದೆ. ಝೌ ಅರಸರ ಕಾಲದಲ್ಲಿ ಯಿನ್ ಜಿಫು ಎಂಬ ಸೇನಾಪತಿ ಇಲ್ಲಿ ಮಣ್ಣಿನ ಗೋಡೆ ಎಬ್ಬಿಸಿದನೆಂಬ ಐತಿಹ್ಯವೇ ಅದಕ್ಕೆ ಆಧಾರ. ನಮ್ಮ ಕಣ್ಣಿಗೆ ಕಾಣುವ ಕೋಟೆ ಮಾತ್ರ 1370ರದು. ಮಂಗೋಲರನ್ನು ಆಗಷ್ಟೇ ಉತ್ತರಕ್ಕೆ ಅಟ್ಟಿದ್ದ ಮಿಂಗ್ ಅರಸರಿಗೆ ಅವರು ಮತ್ತೆ ಬಂದಾರೆಂಬ ಭಯವಿತ್ತು. ಆ ಭಯದಲ್ಲಿ ಕಟ್ಟಿದ ಕೋಟೆ ಇದು. ಆರೂವರೆ ಶತಮಾನದ ವಯಸ್ಸು ಯಾವ ಊರಿಗೂ ಸಣ್ಣದೇನಲ್ಲ. ಅದರ ಮೇಲೆ ಇನ್ನೆರಡು ಸಾವಿರ ವರ್ಷ ಹೇರುವ ಚಪಲ ಏಕೋ!

ಗೋಡೆಯ ಸುತ್ತಳತೆ ಸುಮಾರು 6 ಕಿಲೋಮೀಟರ್, ಎತ್ತರ ಹತ್ತು ಹನ್ನೆರಡು ಮೀಟರ್. ದಮ್ಮಸು ಹಾಕಿ ಗಟ್ಟಿ ಮಾಡಿದ ಮಣ್ಣಿನ ಒಡಲಿಗೆ ಹೊರಗಡೆ ಮಾತ್ರ ಇಟ್ಟಿಗೆಯ ಹೊದಿಕೆ. ಊರಿನ ಕಡೆಗೆ ಮಣ್ಣು ಹಾಗೇ ತೆರೆದಿದೆ. ಗೋಡೆಯ ಮೇಲೆ 72 ಕಾವಲು ಗೋಪುರಗಳು, ಅಂಚಿನುದ್ದಕ್ಕೂ ಹಲ್ಲಿನಂತೆ ಎದ್ದ 3,000 ತೆನೆಗಳು. ಕನ್‌ಫ್ಯೂಷಿಯಸ್‌ಗೆ 3,000 ವಿದ್ಯಾರ್ಥಿಗಳು, ಅವರಲ್ಲಿ 72 ಮಂದಿ ಜ್ಞಾನಿಗಳು ಎಂಬ ನಂಬಿಕೆಯ ಲೆಕ್ಕವಿದು. ಬಾಣ ಬಿಡುವ ಸಂದುಗಳನ್ನೂ ಗುರುವಿನ ಶಿಷ್ಯರ ಲೆಕ್ಕದಲ್ಲಿ ಕಟ್ಟಿದರೆಂದು ಹೇಳಿಕೊಳ್ಳುವ ಜನರ ಮೇಲೆ ನನಗೆ ಪ್ರೀತಿ ಹುಟ್ಟುತ್ತದೆ. ಊರನ್ನು ಆಮೆಯೆಂದೂ ಕರೆಯುತ್ತಾರೆ. ದಕ್ಷಿಣದ ಬಾಗಿಲು ತಲೆ, ಅದರ ಹೊರಗಿನ ಎರಡು ಬಾವಿಗಳು ಕಣ್ಣು, ಉತ್ತರದ ಬಾಗಿಲು ಬಾಲ, ಪೂರ್ವ ಪಶ್ಚಿಮಗಳಲ್ಲಿ ಎರಡೆರಡರಂತೆ ಇರುವ ಬಾಗಿಲುಗಳು ಕಾಲು. ಮೂರು ಕಾಲುಗಳು ಮುಂದಕ್ಕೆ ಬಾಗಿವೆ, ಒಂದು ಮಾತ್ರ ನೇರ ಪೂರ್ವಕ್ಕೆ ಚಾಚಿದೆ. ಆಮೆ ಹೊರಟುಹೋದೀತೆಂದು ಆ ಕಾಲನ್ನು ದೂರದ ಗೋಪುರವೊಂದಕ್ಕೆ ಕಟ್ಟಿಹಾಕಿದ್ದಾರಂತೆ.

ಒಳಗಿನ ಮನೆಗಳ ಚಾವಣಿಯನ್ನು ಗಮನಿಸಬೇಕು. ನಮ್ಮ ತೊಟ್ಟಿ ಮನೆಗಳಂತೆ ಇಲ್ಲೂ ನಡುವೆ ಅಂಗಳ, ಸುತ್ತ ಕೋಣೆಗಳು. ಅಕ್ಕಪಕ್ಕದ ಕೋಣೆಗಳ ಮಾಡು ಎರಡೂ ಕಡೆಗೆ ಇಳಿಯದೆ, ಬೀದಿಯ ಕಡೆ ಎತ್ತರದ ಕುರುಡು ಗೋಡೆಯಾಗಿ ನಿಂತು ಅಂಗಳದ ಕಡೆಗೆ ಮಾತ್ರ ಇಳಿಯುತ್ತದೆ. ಮಳೆ ಕಡಿಮೆ ಇರುವ ಸೀಮೆ. ಬಿದ್ದ ಹನಿ ಮನೆಯೊಳಗೇ ಬೀಳಲಿ, ಸಂಪತ್ತು ಹೊರಗೆ ಹರಿಯದಿರಲಿ ಎಂಬ ಆಸೆ. ಬೀದಿಯಲ್ಲಿ ನಿಂತರೆ ಒಳಗೆ ಎಷ್ಟು ದುಡ್ಡಿದೆಯೆಂದು ಊಹಿಸಲೂ ಆಗದು. ಕಳ್ಳನಿಗೆ ಕಿಟಕಿಯಿಲ್ಲ, ನೆರೆಯವನಿಗೆ ನೋಟವಿಲ್ಲ.

ದುಡ್ಡಿತ್ತು, ಬಹಳವೇ ಇತ್ತು. ಬಣ್ಣ ಮಾರುವ ಅಂಗಡಿಯೊಂದು ಬೇರೆ ಊರುಗಳಲ್ಲೂ ಶಾಖೆ ತೆರೆದಿತ್ತು. ಊರಿಂದೂರಿಗೆ ಬೆಳ್ಳಿ ಸಾಗಿಸುವುದೆಂದರೆ ಗಾಡಿ, ಬೆಂಗಾವಲಿನ ಪೈಲ್ವಾನರು, ದಾರಿಯಲ್ಲಿ ದರೋಡೆಕೋರರು. ಅಂಗಡಿಯ ಮ್ಯಾನೇಜರ್ ಲೇ ಲ್ಯೂತಾಯ್ ಇದಕ್ಕೊಂದು ಉಪಾಯ ಹುಡುಕಿದ. ಇಲ್ಲಿ ಬೆಳ್ಳಿ ಕಟ್ಟಿ ಹುಂಡಿ ಎಂಬ ಹಣದ ಚೀಟಿ ಪಡೆಯಿರಿ, ಅಲ್ಲಿ ಹುಂಡಿ ತೋರಿಸಿ ಬೆಳ್ಳಿ ಎತ್ತಿಕೊಳ್ಳಿ. 1823ರಲ್ಲಿ ಬಣ್ಣದ ವ್ಯಾಪಾರ ಬಿಟ್ಟು ಇದನ್ನೇ ಕಸುಬಾಗಿಸಿಕೊಂಡ ಆ ಸಂಸ್ಥೆಯ ಹೆಸರು ರಿಶೆಂಗ್‌ಚಾಂಗ್. ನೋಡನೋಡುತ್ತ ಊರಿನಲ್ಲಿ ಇಂಥ ಹತ್ತಾರು ಸಂಸ್ಥೆಗಳು ಹುಟ್ಟಿಕೊಂಡವು. ಸಮುದ್ರವಿಲ್ಲದ, ದೊಡ್ಡ ನದಿಯ ಬಂದರಿಲ್ಲದ ಈ ಸಣ್ಣ ಊರು ಚೀನಾದ ಹಣಕಾಸಿನ ರಾಜಧಾನಿಯಾಯಿತು.

ಅವರ ಗುಪ್ತಲಿಪಿ ನನಗೆ ಕೋಟೆಗಿಂತ ದೊಡ್ಡ ಅದ್ಭುತ. ಹುಂಡಿಯಲ್ಲಿ ತಿಂಗಳು, ದಿನ, ಮೊತ್ತಗಳನ್ನು ಸಂಖ್ಯೆಯಲ್ಲಿ ಬರೆಯುತ್ತಿರಲಿಲ್ಲ. ಪದ್ಯದ ಸಾಲಿನಂಥ ವಾಕ್ಯಗಳಿಂದ ಅಕ್ಷರಗಳನ್ನು ಆರಿಸಿ ಬರೆಯುತ್ತಿದ್ದರು. ಹನ್ನೆರಡು ತಿಂಗಳಿಗೆ ಹನ್ನೆರಡು ಅಕ್ಷರಗಳ ಒಂದು ಸಾಲಿತ್ತು. ಅದರ ಅರ್ಥ ಹೆಚ್ಚುಕಡಿಮೆ ಹೀಗೆ: ಸುಳ್ಳು ಹುಂಡಿ ತಂದು ಹಣ ಎತ್ತಿಯಾರು, ಎಚ್ಚರ; ಬರಹವನ್ನೂ ಮುದ್ರೆಯನ್ನೂ ಕಣ್ಣಿಟ್ಟು ನೋಡಲು ಮರೆಯಬೇಡ. ಗುಮಾಸ್ತ ತಿಂಗಳು ಗುರುತಿಸಲು ಬಾಯಿಪಾಠ ಮಾಡಿದ ಸಾಲೇ ಅವನಿಗೆ ಬುದ್ಧಿ ಹೇಳುತ್ತಿತ್ತು. ಆಗಾಗ ಈ ಸಾಲುಗಳನ್ನು ಬದಲಿಸುತ್ತಿದ್ದರು. ಕೆಲಸಗಾರರಿಗೆ ಬಂಡವಾಳ ಹಾಕದೆಯೂ ದುಡಿಮೆಯ ಲೆಕ್ಕದಲ್ಲಿ ಲಾಭದ ಪಾಲು ಸಿಗುತ್ತಿತ್ತು, ಆದ್ದರಿಂದ ಗುಟ್ಟು ಹೊರಗೆ ಹೋಗುವ ಭಯವೂ ಕಡಿಮೆ.

ಚೀನಾದ ಅರಸೊತ್ತಿಗೆಯನ್ನು ಉರುಳಿಸಿದ 1911ರ ಕ್ರಾಂತಿ ಈ ವೈಭವಕ್ಕೆ ಕೊಳ್ಳಿ ಇಟ್ಟಿತು. ಸಾಲ ಪಡೆದಿದ್ದ ಅಧಿಕಾರಿಗಳು ಮಾಯವಾದರು, ಠೇವಣಿ ಇಟ್ಟವರು ಬಾಗಿಲಲ್ಲಿ ಸಾಲುಗಟ್ಟಿದರು, ಹೊಸ ಬಗೆಯ ಬ್ಯಾಂಕುಗಳು ಬಂದಿದ್ದವು. 1914ರಲ್ಲಿ ರಿಶೆಂಗ್‌ಚಾಂಗ್ ದಿವಾಳಿಯಾಯಿತು. ಹೊಣೆಗಾರಿಕೆಗೆ ಮಿತಿಯಿಲ್ಲದ ವ್ಯವಹಾರವಾದ್ದರಿಂದ ಮಾಲೀಕರ ಮನೆಮಠಗಳೂ ಸಾಲಕ್ಕೆ ಸಿಕ್ಕಿದವು.

ಪಿಂಗ್ಯಾವೊ ಉಳಿದದ್ದು ಈ ದಿವಾಳಿಯಿಂದಲೇ ಎಂಬುದು ನನ್ನ ವಾದ. ಮುಂದಿನ ಆರೇಳು ದಶಕ ಈ ಊರಿನಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟಲು ಕಾಸಿರಲಿಲ್ಲ. ದುಡ್ಡಿದ್ದ ಊರುಗಳ ಕಥೆ ನೋಡಿ. ಬೀಜಿಂಗ್‌ನ ಕೋಟೆಯನ್ನು ಕೆಡವಬೇಡಿ, ಗೋಡೆಯ ಮೇಲೆ ಜನರು ಅಡ್ಡಾಡುವ ಉದ್ಯಾನ ಮಾಡಿ ಎಂದು ವಾಸ್ತುಶಿಲ್ಪಿ ಲಿಯಾಂಗ್ ಸಿಚೆಂಗ್ ಅಂಗಲಾಚಿದರು. ಯಾರೂ ಕೇಳಲಿಲ್ಲ. ಉಳಿದಿದ್ದ ಬಹುಪಾಲು ಗೋಡೆ ಸುರಂಗ ರೈಲಿಗೆ ಆಹುತಿಯಾಯಿತು.

ಪಿಂಗ್ಯಾವೊಗೂ ಆ ಗಳಿಗೆ ಬಂದಿತ್ತು. 1980ರ ಸುಮಾರಿಗೆ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಊರ ನಡುವೆ ಅಗಲ ರಸ್ತೆ ಎಳೆಯುವ ಯೋಜನೆ ಸಿದ್ಧವಾಯಿತು, ಕೆಡವುವ ಕೆಲಸವೂ ಶುರುವಾಯಿತು. ಶಾಂಘೈನ ತೊಂಗ್‌ಜಿ ವಿಶ್ವವಿದ್ಯಾಲಯದ ಅಧ್ಯಾಪಕ ರುವಾನ್ ಯಿಸಾನ್ ಅದನ್ನು ಕಂಡು ನಿಲ್ಲಿಸಿ ಎಂದರು. ಬರೀ ಕೂಗಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ವಿದ್ಯಾರ್ಥಿಗಳನ್ನು ಕರೆತಂದು ಅಳತೆ ಮಾಡಿಸಿ ಬೇರೊಂದು ನಕ್ಷೆಯನ್ನೇ ಮುಂದಿಟ್ಟರು: ಹಳೆಯ ಊರನ್ನು ಹಾಗೇ ಬಿಡಿ, ಹೊಸ ಊರನ್ನು ಗೋಡೆಯ ಹೊರಗೆ ಕಟ್ಟಿ. ಆಮೇಲೆ ಬೀಜಿಂಗ್‌ಗೆ ಹೋಗಿ ಹಿರಿಯ ತಜ್ಞರ ಬೆಂಬಲ ಪಡೆದರು. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಊರು ಸೇರಿತು. ಜೊತೆಗೆ ಹತ್ತಿರದ ಎರಡು ದೇವಾಲಯಗಳೂ ಸೇರಿದವು. ಅವುಗಳಲ್ಲಿ ಝೆಂಗುವೊದ ಮರದ ಮಂಟಪ 963ರದು. ಕೋಟೆ ನೋಡಿ ಹಾಗೇ ಮರಳುವವರು ಇದನ್ನು ತಪ್ಪಿಸಿಕೊಳ್ಳುತ್ತಾರೆ, ಅವರ ಕರ್ಮ.

ಅದೇ ಪ್ರಾಂತ್ಯದ ಉತ್ತರಕ್ಕಿರುವ ದಾತೊಂಗ್ ಇದಕ್ಕೆ ತದ್ವಿರುದ್ಧ. 2008ರ ನಂತರ ಅಲ್ಲಿನ ಮೇಯರ್ ಗೆಂಗ್ ಯಾನ್‌ಬೊ ಅಳಿದುಳಿದ ಮಣ್ಣುಗೋಡೆಗೆ ಹೊಚ್ಚಹೊಸ ಇಟ್ಟಿಗೆ ತೊಡಿಸಿ, ಗೋಪುರ ಎತ್ತಿ, ಸಾವಿರಾರು ಮನೆಗಳನ್ನು ಕೆಡವಿಸಿ 'ಪ್ರಾಚೀನ ನಗರ' ಕಟ್ಟಿಸಿದರು. ನೋಡಲು ಬಲು ಅಚ್ಚುಕಟ್ಟು. ನಿಜವಾದ ಹಳೆಯ ಓಣಿಗಳನ್ನು ಅಳಿಸಿ ಹಳೆಯದರ ವೇಷ ಕಟ್ಟಿಸುವುದನ್ನು ಪರಂಪರೆಯ ರಕ್ಷಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರವೇ ದಾತೊಂಗ್ ಸೇರಿದಂತೆ ಐದು ಊರುಗಳಿಗೆ ಛೀಮಾರಿ ಹಾಕಿತು. ಪಿಂಗ್ಯಾವೊದ ಗೋಡೆಗೂ ಹೊಸ ಇಟ್ಟಿಗೆ ಬಿದ್ದಿದೆ, ಒಪ್ಪುತ್ತೇನೆ. ತೇಪೆ ಹಾಕಿದ ಅಂಗಿಯೂ ಅಂಗಿಯೇ. ಅಂಗಿ ಸುಟ್ಟು ಅದರ ನಕಲು ಹೊಲಿಸುವುದು ಬೇರೆ ಮಾತು.

ಹಾಗೆಂದು ಪಿಂಗ್ಯಾವೊ ಈಗ ಕ್ಷೇಮವೇ? ಬಡತನ ಉಳಿಸಿಕೊಟ್ಟದ್ದನ್ನು ಪ್ರವಾಸೋದ್ಯಮದ ದುಡ್ಡು ಬೇರೆ ರೀತಿಯಲ್ಲಿ ತಿನ್ನುತ್ತಿದೆ. ಮುಖ್ಯ ಬೀದಿಯಲ್ಲಿ ವಿನಿಗರ್, ಗೋಮಾಂಸದ ಪೊಟ್ಟಣ, ಒಂದೇ ಅಚ್ಚಿನ ಮೆರುಗೆಣ್ಣೆಯ ಪೆಟ್ಟಿಗೆಗಳು. ತೊಟ್ಟಿ ಮನೆಗಳು ಒಂದೊಂದಾಗಿ ವಸತಿಗೃಹಗಳಾಗುತ್ತಿವೆ, ಮನೆಯವರು ಗೋಡೆಯ ಹೊರಗಿನ ಫ್ಲ್ಯಾಟುಗಳಿಗೆ ಹೋಗುತ್ತಿದ್ದಾರೆ. ಅವರನ್ನು ದೂರಲಾರೆ. ಸ್ನಾನದ ಮನೆಯಿಲ್ಲದ, ಚಳಿಗಾಲದಲ್ಲಿ ಕಲ್ಲಿದ್ದಲು ಉರಿಸಬೇಕಾದ ಮನೆಯಲ್ಲಿ ನಮ್ಮ ಕ್ಯಾಮೆರಾಗಳ ಸಂತೋಷಕ್ಕಾಗಿ ಯಾರು ಇರುತ್ತಾರೆ?

2021ರ ಅಕ್ಟೋಬರ್‌ನಲ್ಲಿ ಶಾನ್ಶಿಯಲ್ಲಿ ಎಡೆಬಿಡದೆ ಮಳೆ ಹೊಯ್ದು, ಒಳಗಡೆಯ ಇಟ್ಟಿಗೆಯಿಲ್ಲದ ಮಣ್ಣು ನೆನೆದು ಸುಮಾರು 25 ಮೀಟರ್ ಗೋಡೆ ಕುಸಿಯಿತು. ಮಳೆ ಕಡಿಮೆ ಎಂದು ನಂಬಿ ಕಟ್ಟಿದ ಊರಿದು. ಹವಾಮಾನ ಆ ಮಾತು ಮುರಿಯುತ್ತಿದೆ. ಗೋಡೆಯ ಸುದ್ದಿ ಜಗತ್ತಿಗೆಲ್ಲ ಮುಟ್ಟಿತು. ಹಿಂದಿನ ಓಣಿಗಳಲ್ಲಿ ಸೋರುವ ಮನೆಗಳಿಗೆ ಸುದ್ದಿಯಾಗುವ ಯೋಗವಿಲ್ಲ. ಖಾಸಗಿ ಮನೆಗಳ ದುರಸ್ತಿಗೆ ಸಹಾಯಧನ ಕೊಡುವ ಪದ್ಧತಿಯನ್ನು ಸ್ಥಳೀಯ ಆಡಳಿತ ತಂದಿದೆ, ಯುನೆಸ್ಕೊ ಮತ್ತು ತೊಂಗ್‌ಜಿ ತಜ್ಞರು ಅದಕ್ಕೆ ಕೈಪಿಡಿ ಬರೆದುಕೊಟ್ಟಿದ್ದಾರೆ. ನನ್ನನ್ನು ಕೇಳಿದರೆ ಟಿಕೆಟ್ ಹಣದ ದೊಡ್ಡ ಪಾಲು ಅಲ್ಲಿಗೇ ಹೋಗಬೇಕು, ಅದೂ ಆ ಮನೆಯಲ್ಲಿ ವಾಸವಿರುವವರಿಗೆ ಮೊದಲು, ವಸತಿಗೃಹ ನಡೆಸುವವರಿಗೆ ಕೊನೆಗೆ. ಕೋಟೆಗೆ ರಾತ್ರಿ ಬಣ್ಣಬಣ್ಣದ ದೀಪ ಹಾಕುವ ಖರ್ಚು ಅದಕ್ಕೂ ಆಮೇಲೆ.