ಕಣ್ಮುಚ್ಚು, ಇಲ್ಲಾಂದ್ರೆ ಅಪ್ಪನ್ನ ಕರೆಸ್ತೀನಿ!

ಶಾಲೆಯಲ್ಲಿ ಈಗ ಮನಶ್ಶಾಂತಿಗೂ ಒಂದು ಪೀರಿಯಡ್ ಬಂದಿದೆ. ಬೆಲ್ ಹೊಡೆದರೆ ಶಾಂತರಾಗಬೇಕು, ಮತ್ತೆ ಹೊಡೆದರೆ ಮೊದಲಿನಂತಾಗಬೇಕು. ಟೈಮ್‌ಟೇಬಲ್‌ನಲ್ಲಿ ಇದಕ್ಕೆ ಜಾಗ ಎಲ್ಲಿ ಸಿಕ್ಕಿತು ಅಂತ ಕೇಳಬೇಡಿ. ಗಣಿತ, ವಿಜ್ಞಾನವನ್ನು ಮುಟ್ಟುವ ಹಾಗಿಲ್ಲ. ಆಟದ ಪೀರಿಯಡ್ ಇತ್ತಲ್ಲ, ಅದರ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ಓಡಿ, ಕೂಗಾಡಿ, ಬಿದ್ದು ಎದ್ದು ಹಗುರಾಗುತ್ತಿದ್ದ ಮಕ್ಕಳು ಈಗ ಕೈಕಟ್ಟಿ ಕೂತು ಹಗುರಾಗಬೇಕು.

ಒಮ್ಮೆ ತರಗತಿಯೊಳಗೆ ಇಣುಕಿ ನೋಡಿ. ಧ್ಯಾನ ಹೇಳಿಕೊಡುತ್ತಿರುವವರು ಗಣಿತದ ಮೇಷ್ಟ್ರು. ಹೋದ ಪೀರಿಯಡ್‌ನಲ್ಲಿ ಭಿನ್ನರಾಶಿ ತಪ್ಪು ಮಾಡಿದವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದವರು ಇವರೇ. ಎರಡು ದಿನದ ತರಬೇತಿಗೆ ಹೋಗಿ ಬಂದಿದ್ದಾರೆ, ಸರ್ಟಿಫಿಕೇಟೂ ಇದೆ. “ಚಿಂತೆಗಳನ್ನೆಲ್ಲ ಹೊರಗೆ ಬಿಡಿ ಮಕ್ಕಳೇ” ಎಂದು ಹೇಳಿ, ಉತ್ತರಪತ್ರಿಕೆಯ ಕಟ್ಟು ಬಿಚ್ಚುತ್ತಾರೆ. ಸಮಯ ಯಾಕೆ ಹಾಳು ಮಾಡಬೇಕು, ಅಲ್ವಾ? ಮೂರನೇ ಬೆಂಚಿನ ಹುಡುಗ ಒಂದು ಕಣ್ಣು ಮುಚ್ಚಿದ್ದಾನೆ. ಇನ್ನೊಂದು ಕಣ್ಣು ಮೇಜಿನ ಮೇಲಿದೆ. ಮೇಷ್ಟ್ರ ಕೈಯಲ್ಲಿರುವುದು ಯಾರ ಪೇಪರ್? ಕೆಂಪು ಪೆನ್ನು ಪರಪರ ಗೀಚಿದ ಸದ್ದು ಕೇಳಿದ್ದೇ ತಡ, ಇಡೀ ತರಗತಿಯ ಉಸಿರು ಒಟ್ಟಿಗೆ ನಿಲ್ಲುತ್ತದೆ. ಕುಂಭಕ ಸಾಧಿಸೋಕೆ ಯೋಗಿಗಳು ವರ್ಷಗಟ್ಟಲೆ ಕಷ್ಟಪಡುತ್ತಾರಂತೆ!

“ಏಯ್, ಕಣ್ಮುಚ್ಚು! ಶಾಂತವಾಗಿರು ಅಂದ್ರೆ ಗೊತ್ತಾಗಲ್ವಾ? ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ!”

ಬಾಗಿಲ ಪಕ್ಕ ಭಾವನೆಗಳ ಚಾರ್ಟ್ ನೇತು ಹಾಕಿದ್ದಾರೆ. ಬೆಳಗ್ಗೆ ಒಳಗೆ ಬರುವಾಗ ಪ್ರತಿ ಮಗುವೂ ತನ್ನ ಹೆಸರಿನ ಮುಂದೆ ಒಂದು ಮುಖ ಅಂಟಿಸಬೇಕು. ನಗುಮುಖ, ಅಳುಮುಖ, ಕೋಪದ ಮುಖ, ಎಲ್ಲವೂ ಡಬ್ಬಿಯಲ್ಲಿವೆ. ಮೊದಲ ದಿನ ಒಬ್ಬ ಹುಡುಗಿ ಇದನ್ನು ನಿಜವೆಂದೇ ನಂಬಿ ಅಳುಮುಖ ಅಂಟಿಸಿದಳು. ತಕ್ಷಣ ಆಫೀಸಿಗೆ ಕರೆದರು. ಏನಾಯ್ತು, ಮನೇಲಿ ಯಾರು ಬೈದ್ರು, ಶಾಲೇಲಿ ಯಾರೂ ಏನೂ ಅಂದಿಲ್ಲ ತಾನೇ, ಇಲ್ಲಿ ಬರೆದುಕೊಡು, ಕೆಳಗೆ ಸಹಿ ಮಾಡು. ಮಧ್ಯಾಹ್ನ ಅಮ್ಮನನ್ನೂ ಕರೆಸಿದರು. ಮಾರನೇ ದಿನ ಇಡೀ ತರಗತಿ ನಗುಮುಖ ಅಂಟಿಸಿತು. ತಿಂಗಳ ಕೊನೆಗೆ ವರದಿ ಹೋಯಿತು: ಸಂತೋಷ ಶೇ. 100. ಅಳುಮುಖಗಳು ಡಬ್ಬಿಯಲ್ಲೇ ಉಳಿದವು. ಮುಂದಿನ ವರ್ಷಕ್ಕೆ ಆ ಖರ್ಚೊಂದು ಉಳಿಯಿತು.

10ರಿಂದ 19 ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 42 ಮಕ್ಕಳ ತರಗತಿಯಾದರೆ ಸರಾಸರಿ ಆರು ಮಕ್ಕಳು. ಚಾರ್ಟಿನಲ್ಲಿ ಒಬ್ಬರೂ ಇಲ್ಲ. ಧ್ಯಾನದ ಮಹಿಮೆ ಅಂದರೆ ಇದೇ ಇರಬೇಕು.

ಇದನ್ನು ನಿಜಕ್ಕೂ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಬ್ರಿಟನ್ನಿನಲ್ಲಿ ಮಿರಿಯಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. 85 ಶಾಲೆ, 8,000ಕ್ಕೂ ಹೆಚ್ಚು ಮಕ್ಕಳು. ಕೆಲವು ಶಾಲೆಗಳಲ್ಲಿ ಈ ಕ್ಷಣದ ಮೇಲೆ ಗಮನವಿಡುವ ಧ್ಯಾನ, ಅಂದರೆ ಮೈಂಡ್‌ಫುಲ್‌ನೆಸ್ ಪಾಠ, ಉಳಿದವುಗಳಲ್ಲಿ ಎಂದಿನ ಪಾಠ. 2022ರಲ್ಲಿ ಫಲಿತಾಂಶ ಬಂತು. ಮಕ್ಕಳ ಖಿನ್ನತೆಯ ಅಪಾಯದಲ್ಲಾಗಲಿ, ನೆಮ್ಮದಿಯಲ್ಲಾಗಲಿ ಈ ಪಾಠದಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿ ಎಂದಿದ್ದರು, ಬಹುಪಾಲು ಮಕ್ಕಳು ಮಾಡಲೇ ಇಲ್ಲ. ಸುಮ್ನೆ ಕೂತು ಉಸಿರಾಡುವುದನ್ನೂ ಹೋಂವರ್ಕ್ ಮಾಡಿದರೆ ಮಕ್ಕಳು ಬೇರೇನು ಮಾಡಿಯಾರು?

ಆದರೆ ಲಾಭ ಯಾರಿಗೂ ಆಗಲಿಲ್ಲ ಅನ್ನುವ ಹಾಗಿಲ್ಲ. ಮೇಷ್ಟ್ರುಗಳ ದಣಿವು, ಬೇಸರ ಸ್ವಲ್ಪ ಕಾಲಕ್ಕಾದರೂ ಕಡಿಮೆಯಾಯಿತು. ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ಮೊದಲು ತಾವೇ ಕೂತು ಕಲಿತಿದ್ದರು. ಜೊತೆಗೆ, ಎದುರಿಗೆ ಒಂದು ಕೋಣೆ ತುಂಬ ಮಕ್ಕಳು ಬಾಯಿ ಮುಚ್ಚಿ ಕೂತಿದ್ದರೆ ಯಾವ ಮೇಷ್ಟ್ರಿಗೆ ತಾನೇ ನೆಮ್ಮದಿ ಸಿಗುವುದಿಲ್ಲ!

ಧ್ಯಾನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೇಕೆನಿಸಿದ ಮಗು ಕೂರಲಿ, ಬೇಡವೆನಿಸಿದ್ದು ಕಿಟಕಿಯಾಚೆ ನೋಡಲಿ, ಅದೂ ಧ್ಯಾನವೇ. ನನ್ನ ತಕರಾರು ಬೇರೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಈ ಕೆಲಸಕ್ಕೆ ಟೈಮ್‌ಟೇಬಲ್ ಬೇರೆ ಕೇಡು. ಹದಿಹರೆಯದವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಅವರ ಶಾಲೆ ಬೆಳಗ್ಗೆ 8.30ಕ್ಕಿಂತ ಮೊದಲು ಶುರುವಾಗುವುದು ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತ್ತು. ನಾವು ನಸುಕಿನಲ್ಲೇ ಎಬ್ಬಿಸಿ, ಸಂಜೆ ಟ್ಯೂಷನ್‌ಗೆ ಅಟ್ಟಿ, ರಾತ್ರಿ ಹೋಂವರ್ಕ್ ಹೇರಿ, ನಡುವೆ ಹತ್ತು ನಿಮಿಷ “ಈ ಕ್ಷಣದಲ್ಲಿ ಬದುಕು ಕಂದ” ಎನ್ನುತ್ತೇವೆ. ಮಗು ಆ ಕ್ಷಣದಲ್ಲಿ ನಿದ್ದೆ ಹೊಡೆಯುತ್ತದೆ. ಇಡೀ ಕಾರ್ಯಕ್ರಮದಲ್ಲಿ ಮಗುವಿಗೆ ದಕ್ಕಿದ್ದು ಅಷ್ಟೇ. ಅದಕ್ಕೂ ಬೈಗುಳ.

250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರಬೇಕು ಎನ್ನುತ್ತದೆ ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ. ಆದರೆ ಕೌನ್ಸೆಲರ್‌ಗೆ ತಿಂಗಳಿಗೆ ಸಂಬಳ ಕೊಡಬೇಕು, ಕೂರಲು ಒಂದು ಕೋಣೆ ಬೇಕು. ಸಾಲದ್ದಕ್ಕೆ ಮಕ್ಕಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಪ್ಪು ಶಾಲೆಯದ್ದೇ ಎಂದುಬಿಡುವ ಅಪಾಯವೂ ಇದೆ. ಉಸಿರಿನಿಂದ ಅಂಥ ಕಿರಿಕಿರಿ ಇಲ್ಲ. ಮಕ್ಕಳು ಅದನ್ನು ಮನೆಯಿಂದಲೇ ತರುತ್ತಾರೆ.

ಮೊನ್ನೆ ಹೊಸ ಸರ್ಕ್ಯುಲರ್ ಹೊರಟಿದೆ. ಈ ಟರ್ಮಿನಿಂದ ಶಾಂತಿಗೆ 20 ಅಂಕ, ಅದರಲ್ಲಿ 5 ಅಂಕ ಕಣ್ಣು ಮುಚ್ಚಿದ್ದಕ್ಕೆ. ಧ್ಯಾನದಲ್ಲಿ ಹಿಂದುಳಿದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಸ್ಪೆಷಲ್ ಕ್ಲಾಸ್ ಇರುತ್ತದೆ. ತಪ್ಪಿಸಿಕೊಂಡವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಲಾಗುತ್ತದೆ. ಪೋಷಕರು ಯಾವುದೇ ಕಾರಣಕ್ಕೂ ಗಾಬರಿಪಡಬಾರದು.