ಎಡಗೈ ಹೆಬ್ಬೆರಳಿನ ಮಸಿ

ಈಗಷ್ಟೇ ಗಂಗಾವತಿಯ ಆಸ್ಪತ್ರೆಯಿಂದ ಬಂದೆ. ಊಟ ಸೇರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಓಣಿಯ ಹುಡುಗ. ವಯಸ್ಸು 30, ಇಬ್ಬರು ಮಕ್ಕಳು. ರೈಸ್ ಮಿಲ್ಲಿನಲ್ಲಿ ಕೆಲಸ. ಮೊನ್ನೆ ರಾತ್ರಿ ಪಾಳಿಯಲ್ಲಿ ನೆಲ್ಲು ಮೇಲೆತ್ತುವ ಎಲಿವೇಟರಿನ ಬುಡದಲ್ಲಿ ಅದು ಕಟ್ಟಿಕೊಂಡಿದೆ. ಬಿಡಿಸಲು ಹೋದವನ ಕೈಯನ್ನು ಬೆಲ್ಟು ಎಳೆದುಕೊಂಡಿದೆ. ಬಲಗೈಯ ಮೂರು ಬೆರಳು ಹೋದವು. ಆ ಕೈ ತುಂಬಾ ಬ್ಯಾಂಡೇಜು. ನನ್ನ ಕಣ್ಣು ಹೋಗಿದ್ದು ಎಡಗೈ ಮೇಲೆ. ಹೆಬ್ಬೆರಳಿಗೆ ನೀಲಿ ಮಸಿ.

“ಏನೋ ಇದು?” ಅಂದೆ.

“ಸಾವ್ಕಾರ್ರ ಕಡೆಯವ್ರು ಬಂದಿದ್ರಣ್ಣ. ಸೈನ್ ಮಾಡಾಕ ಆಗಲ್ಲ ಅಂದೆ. ಈ ಕೈದು ಹೆಬ್ಬಟ್ಟು ಒತ್ತು ಅಂದ್ರು. ಇಪ್ಪತ್ತೈದು ಸಾವಿರ ಕೊಟ್ಟಾರ. ತಪ್ಪು ನಂದ ಐತಲ್ಲ.”

ತಪ್ಪು ನಂದೇ! ಈ ಮಾತಿಗೇ ನನಗೆ ಮೈ ಉರಿದಿದ್ದು. ಬೆಲ್ಟಿನ ಜಾಲರಿ ರಿಪೇರಿಗೆ ಅಂತ ಬಿಚ್ಚಿದ್ದು ಗೋಡೆಗೆ ಒರಗಿ ತಿಂಗಳಾಗಿತ್ತಂತೆ. ಅದನ್ನು ಮತ್ತೆ ಹಾಕಿಸಬೇಕಾದವನು ಇವನಾ? ಮಷಿನ್ ನಿಲ್ಲಿಸಿದರೆ ಹೊತ್ತು ಹಾಳು ಅಂತ ಬೈಯುವವರು ಯಾರು? ತಿರುಗುವ ಭಾಗಗಳಿಗೆ ಗಟ್ಟಿ ತಡೆ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು.

ನಾನು ಕಾರಟಗಿಯ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಇಂಥ ಕಾಗದ ನಾನೂ ಒಮ್ಮೆ ಬರೆದಿದ್ದೇನೆ. ‘ನನ್ನ ಅಜಾಗರೂಕತೆಯಿಂದಲೇ’ ಅಂತ ನನ್ನ ಕೈಯಾರೆ ಬರೆದು, ಗಾಯಗೊಂಡಿದ್ದ ಒಬ್ಬ ಹಿರಿಯ ಕೆಲಸಗಾರರ ಮುಂದೆ ಮಸಿಯ ಪ್ಯಾಡ್ ಹಿಡಿದಿದ್ದೆ. ಅವರು ಓದಿ ಹೇಳು ಅನ್ನಲಿಲ್ಲ. ನಾನೂ ಓದಿ ಹೇಳಲಿಲ್ಲ. ಇವತ್ತು ಈ ಹುಡುಗನ ಬೆರಳು ನೋಡಿದಾಗ ಆ ಮುಖ ಕಣ್ಣೆದುರು ಬಂತು.

ಆಮೇಲೆ ಕಾನೂನು ಓದಿಕೊಂಡೆ, ತಡವಾಗಿ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡಬೇಕು ಅನ್ನೋ ಕಾನೂನು 1923ರಿಂದ ಇದೆ. ಕೆಲಸಗಾರ ಎಚ್ಚರ ತಪ್ಪಿದ ಅನ್ನೋದು ಅಲ್ಲಿ ನೆಪವೇ ಅಲ್ಲ. ಕುಡಿದಿದ್ದರೆ, ಬೇಕಂತಲೇ ತಡೆ ಕಿತ್ತಿದ್ದರೆ ಬೇರೆ ಮಾತು. ಒಂದೇ ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತು ಅಂತ ಲೆಕ್ಕ. ಇವನ ಪಗಾರ ತಿಂಗಳಿಗೆ 12,000. ಅದರಲ್ಲಿ ನೂರಕ್ಕೆ 60 ಅಂದರೆ 7,200. ಮೂವತ್ತು ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಅಂಕಿ 207.98. ಎರಡನ್ನೂ ಗುಣಿಸಿ, ಬಂದಿದ್ದರಲ್ಲಿ ನೂರಕ್ಕೆ 30ರ ಪಾಲು ಲೆಕ್ಕ ಹಾಕಿದರೆ ಸುಮಾರು 4,49,000 ರೂಪಾಯಿ. ಆಸ್ಪತ್ರೆ ಬಿಲ್ಲು ಬೇರೆ. ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ. ಇವನ ಕೈಗೆ ಬಂದಿದ್ದು 25,000.

ಇನ್ನು ಆ ಹೆಬ್ಬೆಟ್ಟಿನ ಕಾಗದ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡರೆ ಅದಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಇದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಮಿಲ್ಲಿನವರಿಗೂ ಕಷ್ಟ ಇದೆ ಅನ್ನುತ್ತೀರಿ. ಇದೆ, ಗೊತ್ತು, ಅವರ ಲೆಕ್ಕ ಬರೆದವನು ನಾನು. ಕರೆಂಟ್ ಬಿಲ್ಲು, ಬ್ಯಾಂಕ್ ಸಾಲ, ರೇಟು ಬಿದ್ದ ಅಕ್ಕಿ ಎಲ್ಲ ನಿಜ. ಆದರೆ ಗೋದಾಮಿನ ಅಕ್ಕಿಗೆ ವಿಮೆ ತಪ್ಪದೆ ಕಟ್ಟುತ್ತಿದ್ದೆವು, ಲಾರಿಗೂ ಕಟ್ಟುತ್ತಿದ್ದೆವು. ಆಳಿನ ಕೈಗೂ ವಿಮೆ ಮಾಡಿಸಬಹುದಿತ್ತು, ನೌಕರರ ಸರ್ಕಾರಿ ವಿಮೆ ಇ.ಎಸ್.ಐ. ಕಟ್ಟಬಹುದಿತ್ತು. ಮಾಡಲಿಲ್ಲ. ಆಮೇಲೆ ‘ತಪ್ಪು ನಿಂದೇ’ ಅಂದರೆ ಹೇಗೆ ಒಪ್ಪಲಿ?

ಇಷ್ಟೆಲ್ಲ ಹೇಳಿದ ಮೇಲೂ ಅವನು ಕೇಳಿದ್ದು ಒಂದೇ: “ಸಾವ್ಕಾರ್ರು ಬ್ಯಾಸರ ಮಾಡ್ಕೊಳ್ಳಲ್ಲಾ ಅಣ್ಣ? ನಾಳೆ ಮತ್ತ ಅಲ್ಲೇ ಹೋಗಬೇಕಲ್ಲ.” ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿ ಅವನ ಹೆಂಡತಿ ಫೋನಿನಲ್ಲಿ ಪಗಾರ ಬಂದ ಮೆಸೇಜು ಒಂದೊಂದೇ ಹುಡುಕಿ ನನಗೆ ಕಳಿಸುತ್ತಿದ್ದಳು. ಅವನು ಅಲ್ಲೇ ದುಡಿಯುತ್ತಿದ್ದ ಅನ್ನೋದಕ್ಕೆ ಸದ್ಯಕ್ಕೆ ಅದೇ ಸಾಕ್ಷಿ.

ಸೋಮವಾರ ಅವಳನ್ನು ಕರೆದುಕೊಂಡು ಪರಿಹಾರ ಕೇಳಲು ಕೊಪ್ಪಳಕ್ಕೆ ಹೋಗುತ್ತಿದ್ದೇನೆ. ಇಂಥ ಕೇಸು ನಡೆಸಿರುವ ವಕೀಲರು ನಿಮಗೆ ಗೊತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಕಾರಟಗಿಯ ಆ ಹಿರಿಯರು ಈಗ ಎಲ್ಲಿದ್ದಾರೋ, ಅವರನ್ನೂ ಹುಡುಕುತ್ತಿದ್ದೇನೆ.