ಅತ್ತಿದ್ದಾಯಿತು, ಬೇಲಿ ಹಿಂದಕ್ಕೆ ಸರಿಯಿತೇ?

"ದೇವರ ಮುಂದೆ ಅತ್ತು ಅರಿಕೆ ಮಾಡಿಕೊಂಡರೆ ಸಾಕು, ಒಳಗಿನ ಗಾಯ ಮಾಯುತ್ತದೆ" ಎಂದಿದ್ದಾರೆ, ಪಾಪ ಅರಿಕೆಯ ಬಗ್ಗೆ ಬಂದ ಲೇಖನವೊಂದರ ಲೇಖಕರು. ಅಷ್ಟಕ್ಕೇ ಮುಗಿಯುವುದಾದರೆ ಬೈಬಲ್ಲಿನ ಸುಂಕ ವಸೂಲಿಗಾರ ಜಕ್ಕಾಯನಿಗೆ ಯಾಕೆ ಅಷ್ಟು ಖರ್ಚಾಯಿತು? ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಅವನು ಅತ್ತನೆಂದು ಎಲ್ಲೂ ಇಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಬೈಬಲ್ಲಿನ ಅರಣ್ಯಕಾಂಡ 5:7 ಕೂಡ ಪಾಪ ಅರಿಕೆ ಮಾಡಿದವನು ಮೂಲದ ಜೊತೆ ಐದನೇ ಒಂದು ಪಾಲು ಸೇರಿಸಿ, ತಾನು ಅನ್ಯಾಯ ಮಾಡಿದವನಿಗೇ ಕೊಡಬೇಕು ಅನ್ನುತ್ತದೆ. ತಮ್ಮನ ಜಮೀನಿಗೆ ಬೇಲಿ ಒತ್ತರಿಸಿಕೊಂಡೇ ಉಪವಾಸ ಪ್ರಾರ್ಥನೆಯಲ್ಲಿ ಬಿಕ್ಕಿ ಬಿಕ್ಕಿ ಅಳುವವರನ್ನು ನಮ್ಮ ಕಡೆ ನೋಡಿದ್ದೇನೆ. ಅವರಿಗೆ ಮನಸ್ಸು ಹಗುರ ಆಗುತ್ತದೆ, ನಿಜ. ತಮ್ಮನಿಗೆ?

ಇನ್ನೊಂದು ಮಾತು ಲೇಖನದಲ್ಲಿ ಬರಲೇ ಇಲ್ಲ. ಮನಸ್ಸಿನ ಗಾಯ ವಾಸಿಯಾಗಲೆಂದು ಪ್ರಾರ್ಥಿಸುವ ಆಂತರಿಕ ಸ್ವಸ್ಥತೆಯ ಕೂಟಗಳಲ್ಲಿ ಗಂಡನಿಂದ ಹೊಡೆತ ತಿಂದ ಹೆಂಗಸಿಗೂ "ನಿನ್ನೊಳಗಿನ ಕ್ಷಮಿಸದ ಪಾಪವನ್ನು ಮೊದಲು ಅರಿಕೆ ಮಾಡು" ಅನ್ನುತ್ತಾರೆ. ಪಾಪ ಯಾರದು, ಗಾಯ ಯಾರದು ಎಂಬುದೇ ಅದಲುಬದಲು! ಊರೀಯನ ಹೆಂಡತಿಯನ್ನು ಕೂಡಿ, ಅವನನ್ನೇ ಕೊಲ್ಲಿಸಿದ ರಾಜ ದಾವೀದನ 51ನೇ ಕೀರ್ತನೆ ತಪ್ಪು ಮಾಡಿದವನ ಪ್ರಾರ್ಥನೆ. ಅದನ್ನು ಊರೀಯನ ಮನೆಯವರ ಬಾಯಲ್ಲಿ ಹೇಳಿಸಬಾರದು.

ದೇವರು ತನಗೆ ಮಾಡಿದ್ದನ್ನು ಸಭೆಗೆ ಹೇಳುವ "ಸಾಕ್ಷಿ"ಯ ನೆಪದಲ್ಲಿ ಮೈಕಿನ ಮುಂದೆ ಎಲ್ಲವನ್ನೂ ಒದರಿಸುವುದಂತೂ ಬೇಡವೇ ಬೇಡ. ಪಾದ್ರಿಯ ಬಳಿ ಗುಟ್ಟಾಗಿ ಮಾಡುವ ಅರಿಕೆಯಾದ ಪಾಪನಿವೇದನೆಯ ಗುಟ್ಟು ಬಿಟ್ಟುಕೊಟ್ಟ ಪಾದ್ರಿಯನ್ನು ಪದವಿಯಿಂದ ಇಳಿಸಿ, ಉಳಿದ ಜೀವನವೆಲ್ಲ ಮಠದಲ್ಲಿ ಪ್ರಾಯಶ್ಚಿತ್ತ ಮಾಡಿಸಬೇಕೆಂದು ಕ್ಯಾಥೊಲಿಕ್ ಸಭೆಯ 1215ರ ಲ್ಯಾಟರನ್ ಮಹಾಸಭೆಯೇ ಹೇಳಿತ್ತು. ನಮ್ಮ ಕೂಟಗಳಲ್ಲಿ ಕೇಳಿದ ಗುಟ್ಟು ಭಾನುವಾರದೊಳಗೆ ವಾಟ್ಸಾಪ್ ಗ್ರೂಪಿನಲ್ಲಿ "ಪ್ರಾರ್ಥನೆಯ ವಿಷಯ" ಆಗಿರುತ್ತದೆ.